ತುಣುಕಿನೊಳಗೆ ಉಳಿದುಹೋದ ಅತ್ತೆ

ಪತ್ರಿಕೆಯೊಂದರ ಜಾಲತಾಣಕ್ಕೆ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ, ಪುಟಗಳೊಳಗೆ ಕೂರಿಸುವ ತುಣುಕು ಬರೆಯುವುದು ಅವಳ ಕೆಲಸ. ಹುಟ್ಟುಹಬ್ಬಕ್ಕೊಂದು ತುಣುಕು, ಮದುವೆಗೊಂದು, ಕಾಣೆಯಾದ ನಾಯಿಗೊಂದು, ಶ್ರದ್ಧಾಂಜಲಿಗೊಂದು. ಒಮ್ಮೆ ಬರೆದಿಟ್ಟರಾಯಿತು, ಬೇಕಾದ ಪುಟಕ್ಕೆ ಕರೆದು, ಹೆಸರು, ಫೋಟೋ, ನಾಲ್ಕು ಮಾತು ಕೈಗಿತ್ತರೆ ಯಾರದ್ದು ಬೇಕಾದರೂ ಆಗುತ್ತದೆ. ಕಚೇರಿಯಲ್ಲಿ ಎಲ್ಲರಿಗೂ ಅವಳು 'ತುಣುಕಮ್ಮ'.

ತುಣುಕು ಹೇಗೆ ಕಾಣುತ್ತದೆಂದು ಮುಂಚೆಯೇ ನೋಡಲು ಮಾದರಿ ಮಾಹಿತಿ ಬೇಕಲ್ಲ! ಉಳಿದವರು 'ಅಆಇಈ' ಎಂದು ಗೀಚಿ ಕೈತೊಳೆದುಕೊಳ್ಳುತ್ತಾರೆ. ತುಣುಕಮ್ಮನಿಗೆ ಅದು ಸರಿಬೀಳದು. ಅವಳ ಕಂಪ್ಯೂಟರಿನಲ್ಲಿದ್ದ ಒಂದೇ ಚೆಂದದ ಫೋಟೋ ಅತ್ತೆಯದು. ಹಾಗಾಗಿ ಅತ್ತೆ ಮದುಮಗಳಾದರು, ಕಾಣೆಯಾದ ನಾಯಿಯೂ ಆದರು. ಶ್ರದ್ಧಾಂಜಲಿಯಲ್ಲಿ ಫೋಟೋದ ಕೆಳಗೆ ಖಾಲಿ ಬಿಡುವಂತಿರಲಿಲ್ಲ. 'ನನ್ನ ಹಸಿವು ನನಗಿಂತ ಮೊದಲು ಇವರಿಗೆ ತಿಳಿಯುತ್ತಿತ್ತು' ಎಂದು ಬರೆದಳು. ಮನೆಯಲ್ಲಾದರೆ ಇಬ್ಬರ ಮಾತು 'ಗ್ಯಾಸ್ ನೋಡು', 'ಬಾಗಿಲು ಹಾಕ್ಕೋ' ಎನ್ನುವುದನ್ನು ದಾಟುತ್ತಿರಲಿಲ್ಲ.

ಎಡವಟ್ಟಾದದ್ದು ಇಲ್ಲಿ. ಮಾದರಿಯನ್ನು ಬೇರೆ ಕಡತದಲ್ಲಿಡಬೇಕಿತ್ತು. ಸೋಮಾರಿತನಕ್ಕೆ ತುಣುಕಿನೊಳಗೇ ತುರುಕಿದ್ದಳು: ಮಾಹಿತಿ ಬಂದರೆ ಅದನ್ನು ತೋರಿಸು, ಬಾರದಿದ್ದರೆ ಇದನ್ನು. ಒಂದು ಬೆಳಗ್ಗೆ ಸಹೋದ್ಯೋಗಿಯೊಬ್ಬ ಶ್ರದ್ಧಾಂಜಲಿಯ ತುಣುಕನ್ನು ಕರೆದ, ಮಾಹಿತಿ ಕೊಡುವುದನ್ನು ಮರೆತ. ಅತ್ತೆ ಊರಿಗೆಲ್ಲ ತೀರಿಕೊಂಡರು.

ನಾದಿನಿ ಅಳುತ್ತಾ ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಅತ್ತೆಯೇ.

"ಅಮ್ಮ ಹೋಗ್ಬಿಟ್ರಂತೆ!"

"ಎಲ್ಲಿಗೇ? ಇಲ್ಲೇ ಬಟ್ಟೆ ಮಡಿಸ್ತಾ ಇದ್ದೀನಿ."

ಸುದ್ದಿ ಕಿವಿಗೆ ಬಿದ್ದದ್ದೇ ತುಣುಕಮ್ಮ ಕಂಪ್ಯೂಟರಿನ ಮುಂದೆ ಕೂತಳು. ಜಾಲತಾಣದಿಂದ ಪುಟ ತೆಗೆದುಹಾಕಿ, ಮಾದರಿಯನ್ನು ಬೇರೆ ಕಡತಕ್ಕೆ ಸಾಗಿಸಿದಳು. ಇನ್ನು ಮೇಲೆ ಮಾಹಿತಿ ಬಾರದಿದ್ದರೆ ತುಣುಕು ಬಾಯಿ ಮುಚ್ಚಿಕೊಂಡಿರಬೇಕು. ಅದೇನೋ ಸರಿಹೋಯಿತು, ಆದರೆ ಅತ್ತೆಗೆ ಯಾವ ಮುಖ ತೋರಿಸುವುದು? ಇರುವ ನಾಲ್ಕು ಮಾತೂ ಇವತ್ತಿಗೆ ನಿಂತುಹೋದರೆ? ಸಂಜೆ ಮನೆ ಹತ್ತಿರವಾದಷ್ಟೂ ಅಳು ಒತ್ತಿಕೊಂಡು ಬರುತ್ತಿತ್ತು.

ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ಮಗಳು ಕಳಿಸಿದ್ದ ಆ ಪುಟದ ಚಿತ್ರ ಮೊಬೈಲಿನಲ್ಲಿತ್ತು.

"ಅತ್ತೆ, ತಪ್ಪಾಯ್ತು..."

"ಸತ್ತಿದ್ದು ಬಿಡು. ಕೆಳಗೆ ಏನೋ ಬರ್ದಿದ್ಯಲ್ಲ, ಅದೂ ಸುಮ್ನೆ ಜಾಗ ತುಂಬೋಕಾ?"

"ಜಾಗ ತುಂಬೋಕೇ ಕೂತಿದ್ದು," ಎಂದಳು ತಲೆ ತಗ್ಗಿಸಿ. "ಬರ್ದಿದ್ದು ಮಾತ್ರ ನಿಜ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು. "ಹಾಗಿದ್ರೆ ಹುಟ್ಟುಹಬ್ಬದ್ರಲ್ಲಿ ಹಾಕು. ಇರೋವಾಗ್ಲೇ ಓದ್ಕೋತೀನಿ."

ಆಮೇಲೆ ತಟ್ಟೆಯನ್ನು ಇವಳತ್ತ ತಳ್ಳಿದರು. "ಕೂತ್ಕೋ. ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು."

ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.