ಭಾವ ಜೇಬಿಗಿಳಿಸಿದ ಮರದ ಗುಂಡು

ನನ್ನ ಅಕ್ಕನ ಗಂಡ ಹಲ್ಲು ಮಾಡುವವರು. ಕೀಳುವವರಲ್ಲ, ಕಿತ್ತ ಜಾಗದಲ್ಲಿ ಕೂರಿಸುವ ಹಲ್ಲನ್ನು ತಯಾರಿಸುವವರು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಭಾವ ಅದರ ಮೇಲೆ ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ನಿಲ್ಲಿಸಿ, ಮೇಲಿನದೂ ಕೆಳಗಿನದೂ ಸರಿಯಾಗಿ ಕೂಡುವ ತನಕ ಉಜ್ಜಿ ಉಜ್ಜಿ ಕೊಡುತ್ತಾರೆ. ಬೀದಿಯಲ್ಲಿ ಎಲ್ಲರಿಗೂ ಅವರು ‘ಹಲ್ಲು ಸಾರ್’. ಯಾರಾದರೂ ಎದುರು ಸಿಕ್ಕು ನಕ್ಕರೆ ಅವರ ಕಣ್ಣು ಮೊದಲು ಹೋಗುವುದು ಮುಖದ ಮೇಲಲ್ಲ, ಬಾಯಿಯೊಳಕ್ಕೆ.

ಆ ಕೈಗಳಿಗೆ ಮನೆಯಲ್ಲಿ ಇನ್ನೊಂದು ಚಟವಿತ್ತು. ಅಡುಗೆಮನೆಯ ಹಿಂದೆ ಅಕ್ಕ ಇಸ್ತ್ರಿಗೆಂದು ಇಟ್ಟುಕೊಂಡಿದ್ದ ಸಣ್ಣ ಕೋಣೆಯನ್ನು ಮದುವೆಯಾದ ಮೂರನೇ ವರ್ಷ ಭಾವ ಆಕ್ರಮಿಸಿಕೊಂಡರು. ಅಲ್ಲಿ ಅವರು ಕಟ್ಟುತ್ತಿದ್ದುದು ಪುಟ್ಟ ವಿಮಾನಗಳನ್ನು. ಅಂಗಡಿಯಲ್ಲಿ ಬಿಡಿಭಾಗಗಳ ಡಬ್ಬ ಸಿಗುತ್ತದಲ್ಲ ಎಂದು ನಾನೊಮ್ಮೆ ಕೇಳಿಬಿಟ್ಟೆ. “ಡಬ್ಬದಲ್ಲಿ ಬಂದಿದ್ದನ್ನ ಅಂಟಿಸೋದೂ ಒಂದು ಕೆಲಸವಾ? ಅದಕ್ಕಿಂತ ಲಕೋಟೆ ಅಂಟಿಸ್ತೀನಿ” ಎಂದರು. ಅವರದು ಸೊನ್ನೆಯಿಂದ ಕಟ್ಟುವ ಕೆಲಸ. ರೆಕ್ಕೆಯೊಳಗಿನ ಪಕ್ಕೆಲುಬುಗಳನ್ನು ತೆಳುವಾದ ಮರದ ಹಾಳೆಯಿಂದ ಕೊಯ್ಯುತ್ತಿದ್ದರು. ಮೈಗೆ ಹೊದಿಸುವ ತಗಡು ಮುದ್ರಣಾಲಯದವರು ಎಸೆದ ಹಳೇ ಪ್ಲೇಟುಗಳಿಂದ ಬರುತ್ತಿತ್ತು. ತಗಡಿನ ಮೇಲೆ ಮೊಳೆಗಳ ಸಾಲು ಮೂಡಿಸಲು ಕೆಟ್ಟ ಗಡಿಯಾರದ ಹಲ್ಲುಚಕ್ರಕ್ಕೆ ಹಿಡಿ ಹಾಕಿಕೊಂಡಿದ್ದರು. ಎಂಜಿನ್ನಿನ ಸಿಲಿಂಡರುಗಳನ್ನಂತೂ ಹಲ್ಲಿನ ಮೇಲೆ ತೊಡಿಸುವ ಲೋಹದ ಟೋಪಿ ಎರಕ ಹೊಯ್ದ ಹಾಗೆಯೇ, ಮೊದಲು ಮೇಣದಲ್ಲಿ ಮಾಡಿ ಆಮೇಲೆ ಲೋಹ ಸುರಿದು ತೆಗೆಯುತ್ತಿದ್ದರು. ಎಲ್ಲವೂ ನಿಜವಾದ ವಿಮಾನದ ಹದಿನಾರನೇ ಒಂದು ಭಾಗದ ಅಳತೆ.

“ನನಗೂ ಅದೇ ಲೆಕ್ಕ ಕಣೇ” ಎನ್ನುತ್ತಿದ್ದಳು ಅಕ್ಕ. “ಹದಿನಾರು ಮಾತಾಡಿದ್ರೆ ಒಂದಕ್ಕೆ ಉತ್ತರ ಬರುತ್ತೆ.”

ನಾನು ಹೇಳಹೊರಟಿರುವುದು ಅಂಚೆ ವಿಮಾನದ ಸಂಗತಿ. ನಮ್ಮೂರಿನ ವಸ್ತುಸಂಗ್ರಹಾಲಯದ ದೊಡ್ಡ ಹಾಲಿನಲ್ಲಿ ಹಿಂದೆ ಕಾಗದಪತ್ರ ಸಾಗಿಸುತ್ತಿದ್ದ ಜೋಡಿ ರೆಕ್ಕೆಯ ವಿಮಾನವೊಂದು ನಿಂತಿದೆ. ಅದರ ನಕ್ಷೆಗಳು ಎಲ್ಲೂ ಉಳಿದಿಲ್ಲ. ಕಟ್ಟಬೇಕೆಂದರೆ ಅದನ್ನೇ ಅಳೆಯಬೇಕು, ಆದರೆ ಸುತ್ತ ಹಗ್ಗ. ಹಗ್ಗದ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕಾವಲುಗಾರರು.

ಆ ಕಾವಲುಗಾರರಿಗೆ ಅರವತ್ತರ ಹತ್ತಿರ. ಸಂಗ್ರಹಾಲಯ ತೆರೆಯುವ ಮುಂಚೆಯೇ ಬಂದು, ಯಾರೂ ಹೇಳದಿದ್ದರೂ, ವಿಮಾನವನ್ನು ಮೂತಿಯಿಂದ ಬಾಲದವರೆಗೆ ಒರೆಸುತ್ತಿದ್ದರು. ಮಕ್ಕಳು ಬಂದರೆ “ದೂರ ನಿಂತ್ಕೊಳ್ಳಿ, ಅದಕ್ಕೆ ಕಚಗುಳಿ ಆಗುತ್ತೆ” ಎನ್ನುತ್ತಿದ್ದರು. ಭಾವ ಪ್ರತಿ ಗುರುವಾರ, ತಮ್ಮ ರಜೆಯ ದಿನ, ಹಗ್ಗದಾಚೆ ನಿಂತು ಕಣ್ಣಳತೆಯಲ್ಲೇ ಬರೆದುಕೊಳ್ಳುವುದನ್ನು ಅವರು ನಾಲ್ಕು ವಾರ ನೋಡಿದರು. ಐದನೇ ವಾರ ಮಾತಿಗೆ ಸಿಕ್ಕರು. ಮಾತಾಡುವಾಗ ಅವರು ಬಾಯಿಗೆ ಕೈ ಅಡ್ಡ ಹಿಡಿಯುವುದು ಭಾವನ ಕಣ್ಣಿಗೆ ಬಿತ್ತು. ಮೇಲಿನ ಸಾಲು ಪೂರ್ತಿ ಹೋಗಿತ್ತು.

ಮುಂದಿನ ಗುರುವಾರ ಭಾವ ಅಚ್ಚು ತೆಗೆಯುವ ಸಾಮಾನು ಒಯ್ದರು. ಎರಡು ವಾರದಲ್ಲಿ ಕಾವಲುಗಾರರ ಬಾಯಲ್ಲಿ ಹೊಸ ಹಲ್ಲು. ಕೈ ಅಡ್ಡ ಹಿಡಿಯದೆ ಅವರು ನಕ್ಕಿದ್ದು ಎಷ್ಟೋ ವರ್ಷದ ಮೇಲಂತೆ. ಅವರು ಹಗ್ಗವನ್ನು ಎತ್ತಿ ಹಿಡಿದು, “ಬನ್ನಿ ಸಾರ್, ಹನ್ನೊಂದರ ತನಕ ಯಾರೂ ಬರಲ್ಲ. ನಿಮ್ಮಂಥೋರು ಮುಟ್ಟಿದ್ರೆ ಅದಕ್ಕೇನೂ ಆಗಲ್ಲ” ಎಂದರು.

ಒಂದು ವರ್ಷ ಹಾಗೆಯೇ ನಡೆಯಿತು. ಭಾವ ರೆಕ್ಕೆ ಅಳೆದರು, ಚಕ್ರ ಅಳೆದರು, ಕೊನೆಗೆ ಪೈಲಟ್ ಕೂರುವ ಗೂಡಿಗೂ ಇಳಿದರು. ಅಲ್ಲಿ ಎಡಗೈ ಪಕ್ಕದಲ್ಲಿ ಎಂಜಿನ್ನಿನ ವೇಗ ಏರಿಸಿ ಇಳಿಸುವ ಕಬ್ಬಿಣದ ಹಿಡಿಕೆ. ಅದರ ತುದಿಗೆ ನೆಲ್ಲಿಕಾಯಿ ಗಾತ್ರದ ಮರದ ಗುಂಡು. ಯಾವ ಯಾವ ಪೈಲಟುಗಳ ಹೆಬ್ಬೆರಳೋ ತಿಕ್ಕಿ ತಿಕ್ಕಿ ಒಂದು ಪಕ್ಕ ಸವೆದು ನುಣುಪಾಗಿತ್ತು. ಆ ಸವಕಳಿ ಭಾವನಿಗೆ ಹುಚ್ಚು ಹಿಡಿಸಿತು. ಹದಿನಾರನೇ ಒಂದಕ್ಕೆ ಇಳಿಸಿದರೆ ಸಾಸಿವೆ ಕಾಳಿಗಿಂತ ತುಸು ದೊಡ್ಡದು, ಯಾರೂ ನೋಡುವುದಿಲ್ಲ. ಆದರೂ ಅಳತೆಯ ಇಕ್ಕಳದಿಂದ ಹಿಡಿದು ಸ್ವಲ್ಪ ತಿರುಗಿಸಿದರು. ಒಣಗಿದ ಮರ ಸಡಿಲವಾಗಿ ಕಳಚಿಕೊಂಡು ಅಂಗೈಗೆ ಬಂತು.

ಅದೇ ಹೊತ್ತಿಗೆ ಬಾಗಿಲಲ್ಲಿ ಶಾಲೆಯ ಮಕ್ಕಳ ಗದ್ದಲ. ಕಾವಲುಗಾರರು ಅತ್ತ ತಿರುಗಿ, “ಸಾರ್, ಬೇಗ ಇಳೀರಿ!” ಎಂದು ಕೂಗಿದರು. ಗುಂಡನ್ನು ಮತ್ತೆ ತಿರುಗಿಸಿ ಕೂರಿಸಲು ಅರ್ಧ ನಿಮಿಷ ಸಾಕಿತ್ತು. ಭಾವ ಅದನ್ನು ಜೇಬಿಗೆ ಇಳಿಸಿ ಇಳಿದು ಬಂದರು.

“ಗಾಬರಿಯಲ್ಲಿ ಹಾಗಾಯ್ತು ಅಂತ ಎಷ್ಟೋ ದಿನ ನನಗೆ ನಾನೇ ಹೇಳ್ಕೊಂಡೆ. ಸುಳ್ಳು. ನಿಧಾನವಾಗಿ ಅಳೀಬಹುದು ಅಂತ ಖುಷಿಯಾಗಿತ್ತು” ಎಂದು ಭಾವ ಆಮೇಲೆ ನನ್ನ ಬಳಿ ಹೇಳಿದರು.

ಮುಂದಿನ ಗುರುವಾರ ವಾಪಸು ಹಾಕುವುದೆಂದು ಲೆಕ್ಕ. ಆದರೆ ಆ ವಾರವೇ ಮೇಲಿನವರು ಬಂದು ಒಂದೊಂದು ವಸ್ತುವನ್ನೂ ಪಟ್ಟಿ ಹಿಡಿದು ತಾಳೆ ನೋಡಿದರು. ಗುರುವಾರ ಭಾವ ಹೋದಾಗ ಸ್ಟೂಲಿನ ಮೇಲೆ ಒಬ್ಬ ಹುಡುಗಿ, ಹೊಸ ಸಮವಸ್ತ್ರ.

“ಅವರಿಲ್ವಾ?”

“ಅವರನ್ನ ಹೊರಗಡೆ ಗಾಡಿ ನಿಲ್ಲಿಸೋ ಜಾಗಕ್ಕೆ ಹಾಕಿದ್ದಾರೆ ಸಾರ್. ವಿಮಾನದ್ದು ಏನೋ ಕಳುವಾಯ್ತಂತೆ. ಈ ಹಾಲಿನ ಕೀಲಿಕೈ ಅವರ ಹತ್ರ ಮಾತ್ರ ಇದ್ದಿದ್ದಂತೆ. ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ ಹೇಳಿ?”

ಗುಂಡು ಆಗ ಭಾವನ ಜೇಬಿನಲ್ಲೇ ಇತ್ತು. ಬೆರಳು ಅದನ್ನು ಮುಟ್ಟುತ್ತಲೇ ಇತ್ತು. ಬಿರಬಿರನೆ ಹೊರಟರೆ, ಹೊರಹೋಗುವ ದಾರಿ ಗಾಡಿಗಳ ನಡುವೆಯೇ. ಸುಡುವ ಬಿಸಿಲಲ್ಲಿ, ತಲೆಗೆ ಕರವಸ್ತ್ರ ಕಟ್ಟಿಕೊಂಡು ಕಾವಲುಗಾರರು ನಿಂತಿದ್ದರು. ಭಾವನನ್ನು ಕಂಡೊಡನೆ ಬಾಯಿ ತುಂಬ ನಕ್ಕರು.

“ವಿಮಾನ ಎಲ್ಲಿಗೆ ಬಂತು ಸಾರ್?”

“ಬರ್ತಾ ಇದೆ” ಎಂದರು ಭಾವ. ಆ ಹಲ್ಲಿನ ಸಾಲನ್ನು ಬಿಟ್ಟು ಬೇರೆ ಕಡೆ ನೋಡಲು ಅವರಿಗೆ ಆಗಲಿಲ್ಲ.

ಕಾವಲುಗಾರರು ಹತ್ತಿರ ಬಂದು ದನಿ ತಗ್ಗಿಸಿದರು. “ನೀವು ಒಳಗೆ ಹತ್ತುತ್ತಿದ್ದಿದ್ದನ್ನ ನಾನು ಯಾರಿಗೂ ಹೇಳಿಲ್ಲ. ಶಾಲೆ ಮಕ್ಕಳಲ್ಲಿ ಯಾರೋ ತುಂಟ ಕಿತ್ಕೊಂಡ್ ಹೋಗಿರ್ಬೇಕು. ಸುಮ್ನೆ ನಿಮ್ಮನ್ನ ಯಾಕೆ ಎಳೆದು ತರೋದು? ಮರ್ಯಾದಸ್ಥರು.”

ಭಾವ ತಲೆಯಾಡಿಸಿ ಮನೆಗೆ ಬಂದರು. ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತಂತೆ. ಆದರೂ ಭಾವ ಬಾಯಿ ಬಿಡಲಿಲ್ಲ, ಅದೇ ನನಗೆ ಇವತ್ತಿಗೂ ಅರ್ಥವಾಗದ್ದು. ಒಂದು ದಿನ ತಡವಾದರೆ ಹೇಳುವುದು ಎರಡರಷ್ಟು ಕಷ್ಟ, ಒಂದು ವಾರವಾದರೆ ಹತ್ತರಷ್ಟು. ಐದು ತಿಂಗಳು ಕಳೆಯಿತು. ಗುಂಡು ಮೇಜಿನ ಡ್ರಾಯರಿನಲ್ಲಿ, ಹಾಳಾದ ಹಲ್ಲುಗಳ ಡಬ್ಬಿಯೊಳಗೆ ಇತ್ತು. ಭಾವ ಮಾಡಿದ ಹಲ್ಲುಗಳು ಬಾಯಿಗೆ ಕೂರದೆ ವಾಪಸು ಬರತೊಡಗಿದವು. ಮೂವತ್ತು ವರ್ಷದಲ್ಲಿ ಹಾಗೆ ಆಗಿರಲಿಲ್ಲ. “ಏನಾಗಿದೆ ನಿಮಗೆ? ಕಣ್ಣು ತೋರಿಸ್ಕೊಳ್ಳಿ” ಎಂದು ಅಕ್ಕ ಗದರಿದಳು. ವಿಮಾನ ಮಾತ್ರ ಮುಗಿಯಿತು. ಆ ಕಡೆ ಕೈ ತಾನಾಗಿಯೇ ನಡೆಯುತ್ತಿತ್ತು. ಸಾಸಿವೆಯಷ್ಟು ಗುಂಡನ್ನೂ ಮಾಡಿ, ಒಂದು ಪಕ್ಕ ಸವೆಸಿ, ಕೂರಿಸಿದರು.

ಯಾರೋ ಹೇಳಿ ಸಂಗ್ರಹಾಲಯದ ನಿರ್ದೇಶಕಿ ಮನೆಗೆ ಬಂದು ನೋಡಿದರು. ಬಗ್ಗಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. ದೊಡ್ಡ ವಿಮಾನದ ಪಕ್ಕದಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಇಡೋಣ, ಒಂದು ಸಣ್ಣ ಸಮಾರಂಭ ಮಾಡೋಣ ಎಂದರು. ಅಕ್ಕ ಹಿಗ್ಗಿ ಹೀರೇಕಾಯಿಯಾದಳು. ಹೊರಡುವಾಗ ನಿರ್ದೇಶಕಿ ನಗುತ್ತಾ, “ಆ ಹಿಡಿಕೆಯ ಗುಂಡು ನಮ್ಮ ವಿಮಾನದಲ್ಲೇ ಇಲ್ಲ, ನಿಮ್ಮದರಲ್ಲಿದೆ ನೋಡಿ. ಪುಣ್ಯಕ್ಕೆ ಕಳುವಾಗೋ ಮೊದಲೇ ನೋಡ್ಕೊಂಡಿದ್ರಿ” ಎಂದರು.

ಅವರ ಕಾರು ತಿರುವು ದಾಟಿದ ಮೇಲೆ ಭಾವ ಡ್ರಾಯರು ಎಳೆದು, ಗುಂಡನ್ನು ತಂದು ಅಕ್ಕನ ಮುಂದೆ ಇಟ್ಟು ಎಲ್ಲವನ್ನೂ ಹೇಳಿದರು. ನಾನು ಅಡುಗೆಮನೆಯಲ್ಲೇ ಇದ್ದೆ, ಅಲ್ಲಿಂದ ಕದಲಲು ಆಗಲಿಲ್ಲ.

ಅಕ್ಕ ಗುಂಡನ್ನು ಮುಟ್ಟಲಿಲ್ಲ. “ಐದು ತಿಂಗಳು ನನ್ನ ಪಕ್ಕದಲ್ಲಿ ಕೂತು ಊಟ ಮಾಡಿದ್ರಿ” ಎಂದಳು. ಆಮೇಲೆ, “ನಾಳೆ ಹೋಗಿ. ನಾನು ಬರಲ್ಲ. ನನ್ನ ಮುಖ ನೋಡ್ಕೊಂಡು ಅವರು ಕ್ಷಮಿಸೋದು ಬೇಡ” ಎಂದಳು.

ಮರುದಿನ ನಿರ್ದೇಶಕಿಯ ಕೋಣೆಯಲ್ಲಿ ನಡೆದದ್ದನ್ನು ಭಾವ ನನಗೆ ಹೇಳುವಾಗ ಒಂದು ಮಾತನ್ನೂ ತಮಗೆ ಅನುಕೂಲವಾಗುವಂತೆ ತಿರುಗಿಸಲಿಲ್ಲ ಎಂದು ನಂಬುತ್ತೇನೆ. ಗುಂಡನ್ನು ಮೇಜಿನ ಮೇಲಿಟ್ಟು ವಿಷಯ ಹೇಳಿದಾಗ ಆಕೆ ಕೆಂಪಾದರು, ಕಿಟಕಿ ನೋಡಿದರು, ಕೊನೆಗೆ, “ಇದನ್ನ ದೊಡ್ಡದು ಮಾಡೋದು ಬೇಡ. ಸೀಟಿನ ಕೆಳಗೆ ಉರುಳಿ ಬಿದ್ದಿತ್ತು, ಈಗ ಸಿಕ್ತು ಅಂತ ಬರೆದ್ರೆ ಎಲ್ಲರಿಗೂ ಒಳ್ಳೇದು” ಎಂದರು.

“ಒಂದು ಕ್ಷಣ ಹೂಂ ಅನ್ನೋಕೆ ಬಾಯಿ ತೆರೆದಿದ್ದೆ” ಎಂದರು ಭಾವ ನನಗೆ. “ಅಷ್ಟು ಆದ್ಮೇಲೂ.”

ಆದರೆ ಅಂದದ್ದು ಬೇರೆ. “ಸೀಟಿನ ಕೆಳಗಿರಲಿಲ್ಲ ಮೇಡಂ. ನನ್ನ ಮನೆಯಲ್ಲಿತ್ತು. ಹಾಗೇ ಬರೀತೀನಿ, ಸಹಿ ಮಾಡ್ತೀನಿ. ಅವರನ್ನ ಕರೆಸಿ.”

ಕಾವಲುಗಾರರು ಬಿಸಿಲಿನಿಂದ ಬಂದು ಬಾಗಿಲಲ್ಲಿ ನಿಂತರು. ಭಾವನನ್ನು ನೋಡಿ ನಕ್ಕರು. ಮೇಜಿನ ಮೇಲಿನ ಗುಂಡನ್ನು ನೋಡಿ ಇನ್ನೂ ಜೋರಾಗಿ ನಕ್ಕರು. “ಸಿಕ್ತಾ! ಎಲ್ಲಿ ಸಿಕ್ತು ಸಾರ್? ನೀವೇ ಹುಡುಕಿದ್ರಾ?”

“ನಾನೇ ತಗೊಂಡಿದ್ದೆ” ಎಂದರು ಭಾವ.

ನಗು ಒಮ್ಮೆಗೇ ಹೋಗಲಿಲ್ಲವಂತೆ. ಮುಖಕ್ಕೆ ಮಾತು ತಲುಪಲು ಹೊತ್ತು ಹಿಡಿಯಿತು. ಕಾವಲುಗಾರರು ಗುಂಡನ್ನು ನೋಡಿದರು, ಭಾವನನ್ನು ನೋಡಿದರು. ದನಿ ಎತ್ತಲಿಲ್ಲ.

“ಗಾಡಿಗಳ ಹತ್ರ ನಾನು ಮಾತಾಡಿಸಿದ ದಿನ?”

“ಜೇಬಲ್ಲೇ ಇತ್ತು.”

“ಕಳುವಿನ ಸುದ್ದಿ ಕೇಳಿದ ದಿನದಿಂದ ನನ್ನ ಸೊಸೆ ಬೀರು ಕೀಲಿಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು ಓಡಾಡೋಕೆ ಶುರು ಮಾಡಿದ್ಲು” ಎಂದರು ಅವರು. “ನಾನು ನೋಡಿಲ್ಲ ಅಂದ್ಕೊಂಡಿದ್ದಾಳೆ.”

ಭಾವ ಏನೋ ಹೇಳಹೋದರು. ಕಾವಲುಗಾರರು ಕೈ ಎತ್ತಿ ತಡೆದರು. ಅದೇ ಕೈಯನ್ನು ಬಾಯಿಗೆ ಒಯ್ದು, ಮೇಲಿನ ಹಲ್ಲಿನ ಸೆಟ್ಟನ್ನು ಕಳಚಿ, ಅಂಗಿಯ ತುದಿಯಲ್ಲಿ ಒರೆಸಿ, ಮೇಜಿನ ಮೇಲೆ ಗುಂಡಿನ ಪಕ್ಕದಲ್ಲಿ ಇಟ್ಟರು. “ಇದನ್ನೂ ತಗೊಂಡು ಹೋಗಿ” ಎಂದರು. ಹಲ್ಲಿಲ್ಲದ ಬಾಯಿಯ ಮಾತು ತೊದಲಿತು, ಆದರೆ ತಪ್ಪು ತಿಳಿಯುವಂತಿರಲಿಲ್ಲ. ಭಾವ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಮನೆಗೆ ಬಂದರು. ಸೀಟು ಖಾಲಿ ಇದ್ದರೂ ಕೂರಲಿಲ್ಲವಂತೆ.

ಭಾವ ಬರೆದುಕೊಟ್ಟ ಪತ್ರವನ್ನು ಸಿಬ್ಬಂದಿಯ ಎದುರು ಓದಿದರು. ಓದಿಸಬೇಕೆಂದು ಹಟ ಹಿಡಿದವರು ಭಾವನೇ. ಕಾವಲುಗಾರರು ಹಾಲಿಗೆ, ತಮ್ಮ ಸ್ಟೂಲಿಗೆ ಮರಳಿದರು. ಗಾಜಿನ ಪೆಟ್ಟಿಗೆ ಬರಲಿಲ್ಲ, ಸಮಾರಂಭ ನಡೆಯಲಿಲ್ಲ. ಭಾವ ಇನ್ನೊಬ್ಬ ಹಲ್ಲು ಮಾಡುವವರಿಗೆ ಹೇಳಿ, ತಮ್ಮ ಸುದ್ದಿ ಎತ್ತದೆ ಕಾವಲುಗಾರರಿಗೆ ಹೊಸ ಸೆಟ್ ಮಾಡಿಕೊಡಿ ಎಂದು ಬೇಡಿಕೊಂಡರು. ಅವರು ಹೋಗುವಷ್ಟರಲ್ಲಿ ಸೊಸೆಯೇ ಮಾವನನ್ನು ಬೇರೆಲ್ಲೋ ಕರೆದುಕೊಂಡು ಹೋಗಿ ಮಾಡಿಸಿಯಾಗಿತ್ತು. ಅದು ಅಷ್ಟು ಚೆನ್ನಾಗಿ ಕೂತಿಲ್ಲ, ಮಾತಾಡುವಾಗ ಟಕಟಕ ಅನ್ನುತ್ತದೆ ಎಂದು ನೋಡಿಬಂದವರು ಹೇಳಿದರು. ಆ ದಿನ ಭಾವ ಊಟಕ್ಕೆ ಏಳಲಿಲ್ಲ.

ವಿಮಾನ ಈಗ ಅಕ್ಕನ ಮನೆಯ ಪುಸ್ತಕದ ಕಪಾಟಿನ ಮೇಲಿದೆ. ಅಷ್ಟು ಚೆಂದದ್ದನ್ನು ಸಂಗ್ರಹಾಲಯಕ್ಕೆ ಯಾಕೆ ಕೊಡಬಾರದು ಎಂದು ಬಂದವರೆಲ್ಲ ಕೇಳುತ್ತಾರೆ. ಆಗ ಭಾವ, ಯಾರೇ ಆಗಿರಲಿ, ಗ್ಯಾಸ್ ತರುವವನಾಗಿರಲಿ, ನೆಂಟರಾಗಿರಲಿ, ಕೂರಿಸಿ ಇಡೀ ಕಥೆ ಹೇಳುತ್ತಾರೆ. ಕಿವಿಯ ತುದಿಯವರೆಗೆ ಕೆಂಪಾಗುತ್ತಾರೆ, ಆದರೂ ಬಿಡುವುದಿಲ್ಲ. ಅಕ್ಕ ಎದ್ದು ಹೊರಗೆ ಹೋಗುತ್ತಾಳೆ. ಬಂದವರ ಕಾಫಿ ಲೋಟದಲ್ಲೇ ಆರುತ್ತದೆ.

“ಹೇಳಿ ಹೇಳಿ ಹಗುರ ಆಯ್ತಾ ಭಾವ?” ಎಂದು ಒಮ್ಮೆ ಕೇಳಿದೆ.

“ಇಲ್ಲ ಕಣಮ್ಮ” ಎಂದರು. “ಮೊದಲು ಒಬ್ಬರ ಮುಂದೆ ನಾಚಿಕೆ ಆಗ್ತಿತ್ತು, ಈಗ ಊರಿನ ಮುಂದೆ.”

ಹೇಳಿ ಮುಗಿಸಿ ಯಾರದೋ ಕೆಳದವಡೆಯ ಅಚ್ಚನ್ನು ಬೆಳಕಿಗೆ ಹಿಡಿದು, ಬಾಗಿಲು ಅರ್ಧ ಮುಚ್ಚಿಕೊಂಡು ಕೆಲಸಕ್ಕೆ ಕೂತರು.