ಜೂಲಿಯಾನ ಬಾಯಮ್ಮ ನಂಬಿದ ಕಾರು

ಕಳೆದ ತಿಂಗಳು ನನ್ನ ತಂಗಿಯ ಮಗಳು ಹೊಸ ಕಾರು ತೆಗೆದುಕೊಂಡು ಮನೆಗೆ ಬಂದಳು. "ಮಾವ, ಒಮ್ಮೆ ಕೂತು ನೋಡಿ" ಎಂದು ಬಾಗಿಲು ತೆಗೆದಳು. ಸೀಟಿನ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು. ನಮ್ಮ ಮಂಗಳೂರಿನಲ್ಲಿ ಅದನ್ನು ಅಷ್ಟು ಬೇಗ ತೆಗೆಯುವ ಕ್ರಮ ಇಲ್ಲ. ಬೆವರಿಗೆ ಬೆನ್ನು ಅಂಟಿಕೊಂಡರೂ ಅಡ್ಡಿಯಿಲ್ಲ, ಕಾರು ಹೊಸತು ಎಂದು ನಾಲ್ಕು ಜನರಿಗೆ ಗೊತ್ತಾಗಬೇಕು. ಕೂತದ್ದೇ ತಡ, ಆ ಪ್ಲಾಸ್ಟಿಕ್ಕಿನ, ರಬ್ಬರಿನ, ಅಂಟಿನ ವಾಸನೆ ಮೂಗಿಗೆ ಬಡಿಯಿತು. ಹುಡುಗಿ ಒಂದು ಒಳ್ಳೆಯ ಮಾತಿಗಾಗಿ ಕಾಯುತ್ತಿದ್ದಳು. ನನ್ನ ಬಾಯಿಂದ ಬಂದದ್ದು, "ಈ ಕಂಪೆನಿಯವರು ಎಷ್ಟು ದಿನ ಇರ್ತಾರಂತೆ?" ಅವಳ ಮುಖ ಸಣ್ಣದಾಯಿತು. ಅಡುಗೆಮನೆಯ ಕಿಟಕಿಯಿಂದ ನನ್ನ ಹೆಂಡತಿ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ವರ್ಣಿಸುವುದಿಲ್ಲ.

ತಪ್ಪು ಹುಡುಗಿಯದ್ದಲ್ಲ, ಆ ಕಾರಿನದ್ದೂ ಅಲ್ಲ. ಹೊಸ ಕಾರಿನ ವಾಸನೆ ಬಂದರೆ ನನಗೆ ಸಿಟ್ಟು ಬರುತ್ತದೆ, ಅಷ್ಟೇ. ಯಾರ ಮೇಲೆ ಎಂದು ಕೇಳಿ. ಅಮೆರಿಕದ ಒಂದು ಕಾರು ಕಂಪೆನಿಯ ಮೇಲೆ. ಹೆಸರು ಹೇಳುವುದಿಲ್ಲ, ಪುಕ್ಕಟೆ ಪ್ರಚಾರ ಮಾಡಲಿಕ್ಕೆ ನಾನೇನು ಅವರ ಏಜೆಂಟನಲ್ಲ. ನಿಮಗೆ ನಗು ಬಂದರೆ ನಕ್ಕುಬಿಡಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು, ನನಗೆ ಕಾರು ಬಿಡಲಿಕ್ಕೆ ಬರುವುದಿಲ್ಲ, ಆ ಕಂಪೆನಿಯಿಂದ ಒಂದು ನಟ್ಟು ಬೋಲ್ಟನ್ನೂ ಕೊಂಡವನಲ್ಲ. ಆದರೂ ಇಷ್ಟು ವರ್ಷದ ಮೇಲೆ, ಬೆಳಿಗ್ಗೆ ಚಾ ಕುಡಿಯುವಾಗ ನೆನಪಾದರೂ ಸಾಕು, ಚಾ ರುಚಿಸುವುದಿಲ್ಲ.

ಮಣ್ಣಗುಡ್ಡದಲ್ಲಿ ನಮ್ಮ ಎದುರುಮನೆ ಜೂಲಿಯಾನ ಬಾಯಮ್ಮನದು. ಕುವೈತಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದು, ನಿವೃತ್ತಿಯ ನಂತರ ಊರಿಗೆ ಬಂದವರು. ಮದುವೆಯಾಗಿರಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಅವರು ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ನನ್ನ ಹತ್ತಿರ ಮಾತ್ರ ಕನ್ನಡ. ಕನ್ನಡ ಮಾಸ್ಟ್ರಾದದ್ದಕ್ಕೆ ನನಗೆ ಸಿಕ್ಕಿದ ಮರ್ಯಾದೆ ಅದೊಂದೇ, ಬೈಯುವವರೂ ವ್ಯಾಕರಣ ಸರಿಮಾಡಿಕೊಂಡು ಬೈಯುತ್ತಾರೆ.

ಬಾಯಮ್ಮನಿಗೆ ಎಲ್ಲದರ ಮೇಲೂ ಅಭಿಪ್ರಾಯ ಉಂಟು. ಯಾವ ಮಗುವನ್ನು ಯಾವ ಶಾಲೆಗೆ ಹಾಕಬೇಕು, ಯಾವ ಡಾಕ್ಟರ ಹತ್ತಿರ ಹಲ್ಲು ಕೀಳಿಸಬಾರದು, ಪಡುದಿಕ್ಕಿನ ಕಿಟಕಿಗೆ ಎಂಥ ಪರದೆ. ಬರೇ ಮಾತಲ್ಲ, ಹೇಳಿದ್ದು ಸರಿಯಾಗುತ್ತಿತ್ತು. ನನ್ನ ಹೆಂಡತಿಯ ತಲೆಸುತ್ತಿಗೆ ಬಿಪಿ ಕಾರಣವೆಂದು ಎದುರುಮನೆಯ ಗೇಟಿನಿಂದಲೇ ಹೇಳಿದವರು ಅವರು. ಇಡೀ ಬೀದಿ, ಅವರ ಇಗರ್ಜಿಯ, ಎಂದರೆ ಚರ್ಚಿನ, ಅರ್ಧ ಜನ, ಯಾವ ಹೊಸ ಕೆಲಸಕ್ಕೂ ಮೊದಲು ಒಮ್ಮೆ ಅವರ ಜಗಲಿಗೆ ಬಂದು ಹೋಗುತ್ತಿದ್ದರು. ಗಲ್ಫಿನಿಂದ ಬಂದವರು ಹಲವರು ಚಿನ್ನ ತಂದರು, ಟಿವಿ ತಂದರು. ಬಾಯಮ್ಮ ತಂದದ್ದು ಜನ ನಂಬುವ ಒಂದು ಮಾತು. ಒಬ್ಬಂಟಿ ಹೆಂಗಸು ಆ ಮಾತಿನ ಬಲದಲ್ಲಿ ತಲೆಯೆತ್ತಿ ಬದುಕುತ್ತಿದ್ದರು.

ಕುವೈತಿನಲ್ಲಿ ಅವರ ಮೇಟ್ರನ್ ಹತ್ತಿರ ಈ ಅಮೆರಿಕದ ಕಾರು ಇತ್ತಂತೆ. ಹಿಂದಿನ ಸೀಟಿನಲ್ಲಿ ನಾಲ್ಕು ನರ್ಸುಗಳು ಕೂತು, ಮರಳುಗಾಡಿನ ಮಧ್ಯಾಹ್ನದ ಬಿಸಿಲಿನಲ್ಲಿ ಹೋಗುವಾಗ ಒಳಗೆ ಸ್ವೆಟರ್ ಬೇಕೆನ್ನುವಷ್ಟು ತಂಪು. ಒಂದು ದಿನವೂ ಕೆಟ್ಟು ನಿಂತದ್ದಿಲ್ಲ. ಅದನ್ನು ಹೇಳುವಾಗ ಅವರ ಮುಖದಲ್ಲಿ ಬರುತ್ತಿದ್ದ ಕಳೆಯನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ನಾನು ಸಣ್ಣವನಿರುವಾಗ ನಮ್ಮ ಕಡೆಯ ಒಬ್ಬ ಹೆಂಚಿನ ಕಾರ್ಖಾನೆಯ ಧನಿಗೆ ಅದೇ ಕಂಪೆನಿಯ ಹಳೆಯ ದೊಡ್ಡ ಕಾರು ಇತ್ತು. ಅದು ರಸ್ತೆಗೆ ಬಂದರೆ ಎತ್ತಿನ ಗಾಡಿಯವರು ತಾವಾಗಿಯೇ ಬದಿಗೆ ಸರಿಯುತ್ತಿದ್ದರು. ನಾವು ಮಕ್ಕಳು ಅದರ ಬಾನೆಟ್ಟು ಮುಟ್ಟಿ, ಮುಟ್ಟಿದ ಕೈಯನ್ನು ಶಾಲೆಯಲ್ಲಿ ಬೇರೆಯವರಿಗೆ ಮೂಸಲು ಕೊಡುತ್ತಿದ್ದೆವು. ಅಮೆರಿಕ ಎಂದರೆ ನಮಗೆ ಆ ಬಾನೆಟ್ಟು. ಅವರು ಏನು ಮಾಡಿದರೂ ಗಟ್ಟಿ, ಎಂದೆಂದಿಗೂ ಉಳಿಯುವಂಥದ್ದು ಎಂದು ನಂಬಿದ ಪೆದ್ದರ ತಲೆಮಾರು ನಮ್ಮದು.

ಆ ಕಂಪೆನಿ ಮತ್ತೆ ಭಾರತಕ್ಕೆ ಬಂತು, ಈ ಸಲ ಸಣ್ಣ ಕಾರು ಹಿಡಿದುಕೊಂಡು. ಮಂಗಳೂರಿನಲ್ಲಿ ಗಾಜಿನ ಶೋರೂಮು ತೆರೆಯಿತು. ಮೊದಲ ವಾರವೇ ಬಾಯಮ್ಮ ಹೋಗಿ ಕೆಂಪು ಕಾರು ಬುಕ್ ಮಾಡಿದರು. ಡೆಲಿವರಿಯ ದಿನ ನನ್ನನ್ನೂ ಕರೆದುಕೊಂಡು ಹೋದರು. ಮೆತ್ತನೆಯ ಸೋಫಾ, ಪಿಂಗಾಣಿ ಕಪ್ಪಿನಲ್ಲಿ ಫಿಲ್ಟರ್ ಕಾಫಿ, ಕಾರಿನ ಮೇಲೆ ರೇಷ್ಮೆಯ ಹೊದಿಕೆ. ಅದನ್ನು ಸರಿಸಿ, ಕೇಕು ಕತ್ತರಿಸಿ, ಬಾಯಮ್ಮನ ಕೈಗೆ ಆಳೆತ್ತರದ ರಟ್ಟಿನ ಬೀಗದಕೈ ಕೊಟ್ಟು ಫೋಟೋ ತೆಗೆದರು. ಟೈ ಕಟ್ಟಿದ ಮ್ಯಾನೇಜರ್ ಎದೆ ಮುಟ್ಟಿಕೊಂಡು, "ಮೇಡಂ, ನಮ್ಮದು ಲೈಫ್‌ಟೈಮ್ ಸಂಬಂಧ" ಎಂದ. ಯಾರ ಲೈಫು ಎಂದು ಆಗಲೇ ಕೇಳಬೇಕಿತ್ತು. ನಾನು ಎರಡನೇ ಕಪ್ ಕಾಫಿ ಕುಡಿಯುತ್ತಾ ಕೂತಿದ್ದೆ.

ಭಾನುವಾರ ಬಾಯಮ್ಮನ ಕಾರಿನಲ್ಲಿ ನಾನೂ ಹೋಗುವುದು ಅಭ್ಯಾಸವಾಯಿತು. ಅವರು ಒಳಗೆ ಪೂಜೆಗೆ, ನಾನು ಇಗರ್ಜಿಯ ಅಂಗಳದ ಕಲ್ಲುಬೆಂಚಿನಲ್ಲಿ ಪೇಪರಿಗೆ. ಆಮೇಲೆ ಇಬ್ಬರೂ ಮೀನು ಮಾರ್ಕೆಟ್ಟಿಗೆ. ಎರಡೂ ಮನೆಯ ಮೀನು ಆರಿಸುವುದು ಅವರೇ. ಪೂಜೆ ಬಿಟ್ಟ ಮೇಲೆ ಅಂಗಳದಲ್ಲಿ ಜನ ಕಾರಿನ ಸುತ್ತ ನಿಲ್ಲುತ್ತಿದ್ದರು. "ತೆಗೊಳ್ಬಹುದಾ ಆಂಟಿ?" ಎಂದು ಕೇಳುತ್ತಿದ್ದರು. "ಆ ಮರಳಿನಲ್ಲಿ, ಆ ಬೆಂಕಿ ಬಿಸಿಲಿನಲ್ಲಿ ಓಡಿದ ಕಾರು, ನಿನ್ನ ಮನೆಯ ಏರು ಹತ್ತುವುದಿಲ್ವಾ? ಕಣ್ಣುಮುಚ್ಚಿ ತೆಗೊ. ಹೆಚ್ಚುಕಮ್ಮಿ ಆದರೆ ನನ್ನನ್ನು ಕೇಳು" ಎನ್ನುತ್ತಿದ್ದರು ಬಾಯಮ್ಮ. ಕೊಂಕಣಿಯಲ್ಲಿ ಹೇಳಿದ್ದು, ನಾನು ನನ್ನ ಕನ್ನಡದಲ್ಲಿ ಬರೆದಿದ್ದೇನೆ. ವರ್ಷ ಕಳೆಯುವುದರೊಳಗೆ ಅಂಗಳದಲ್ಲಿ ಅದೇ ಕಂಪೆನಿಯ ಕಾರುಗಳ ಒಂದು ಸಾಲೇ ಆಯಿತು. ಪಾದ್ರಿಗಳು ಒಂದೊಂದಕ್ಕೂ ತೀರ್ಥ ಚಿಮುಕಿಸಿ ಆಶೀರ್ವಾದ ಮಾಡಿದರು. ಆ ಸಾಲಿನಲ್ಲಿ ಒಂದು ಬಿಳಿ ಕಾರು ಲಾರೆನ್ಸನದು. ಹಂಪನಕಟ್ಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು, ಬಾಯಮ್ಮನನ್ನು ಕೇಳದೆ ಅಂಗಡಿಯ ಬೋರ್ಡಿಗೂ ಬಣ್ಣ ಹಾಕಿಸಿದವನಲ್ಲ.

ಇಳಿಗಾಲ ಶುರುವಾದದ್ದು ನನಗೆ ಗೊತ್ತಾದದ್ದು ಕಾಫಿಯಿಂದ. ಸರ್ವಿಸಿಗೆ ಹೋದಾಗ ಪಿಂಗಾಣಿ ಕಪ್ಪು ಹೋಗಿ ಕಾಗದದ ಲೋಟ ಬಂತು. ಮತ್ತೆ ಕಾಫಿ ಹೋಗಿ ನೀರು. ಆಮೇಲೆ ಸೋಫಾದ ಹರಿದ ಜಾಗಕ್ಕೆ ಟೇಪು. ಪ್ರತಿ ಸಲವೂ ಬೇರೆ ಮುಖ. "ಮ್ಯಾನೇಜರ್ ಎಲ್ಲಿ?" ಎಂದರೆ, "ಬೇರೆ ಕಂಪೆನಿಗೆ ಹೋದ್ರು ಸರ್." ಒಂದು ದಿನ ಟಿವಿಯಲ್ಲಿ ಬಂತು, ಕಂಪೆನಿ ಭಾರತದಲ್ಲಿ ಅಂಗಡಿ ಮುಚ್ಚುತ್ತಿದೆ, ನಷ್ಟವಂತೆ. ಗ್ರಾಹಕರು ಹೆದರುವ ಅಗತ್ಯವಿಲ್ಲ, ಬಿಡಿಭಾಗ ಸಿಗುತ್ತದೆ ಎಂದು ಯಾರೋ ಕೋಟು ಹಾಕಿದವನು ಇಂಗ್ಲಿಷಿನಲ್ಲಿ ಹೇಳಿದ. ಸುಳ್ಳು ಹೇಳಲಿಕ್ಕೂ ಒಂದು ನಾಚಿಕೆ ಬೇಡವಾ? ಹೆಡ್‌ಲೈಟಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು, ಕೆಲವು ಸಾಮಾನು ಕಡೆಗೂ ಬರಲೇ ಇಲ್ಲ. ಗಾಜಿನ ಶೋರೂಮಿನಲ್ಲಿ ಈಗ ಮದುವೆ ಸೀರೆ ಮಾರುತ್ತಾರೆ.

ಬಂದರು, ಲಾಭ ಕಾಣಲಿಲ್ಲ, ಹೋದರು. ವ್ಯಾಪಾರ ಎಂದರೆ ಹಾಗೇ ಎಂದು ನನ್ನ ತಂಗಿಯ ಗಂಡ ನನಗೆ ಬುದ್ಧಿ ಹೇಳುತ್ತಾನೆ. ಸರಿ ಮಾರಾಯ, ಹೋಗಲಿ. ಆದರೆ ಹೋಗುವಾಗ ಅವರು ತಮ್ಮ ತಪ್ಪನ್ನು ಇಲ್ಲಿ ಯಾರ ತಲೆಗೆ ಕಟ್ಟಿ ಹೋದರು ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ಭಾನುವಾರ ಪೂಜೆ ಬಿಟ್ಟ ಹೊತ್ತಿಗೆ, ತುಂಬಿದ ಅಂಗಳದಲ್ಲಿ, ಲಾರೆನ್ಸ್ ಬಾಯಮ್ಮನ ಎದುರು ನಿಂತ. ಅವನ ಕಾರನ್ನು ಮಾರಲಿಕ್ಕೆ ಹೋದರೆ ಯಾರೂ ಮೂಸಿ ನೋಡಲಿಲ್ಲವಂತೆ. "ನಿಮ್ಮ ಮಾತು ಕೇಳಿ ನಾನು ಹಾಳಾದೆ ಆಂಟಿ. ಹೆಚ್ಚುಕಮ್ಮಿ ಆದರೆ ಕೇಳು ಅಂದಿದ್ರಲ್ಲ, ಈಗ ಕೇಳ್ತಾ ಇದ್ದೇನೆ, ಎಂತ ಮಾಡ್ತೀರಿ?" ಎಂದ. ಎಲ್ಲರೂ ಕೇಳಿಸಿಕೊಂಡರು. ನಾನು ಪೇಪರು ಮಡಚಿ ಎದ್ದೆ. ಬಾಯಮ್ಮ ನನಗೆ ಕೈಯಲ್ಲೇ ಕೂತುಕೊಳ್ಳಿ ಎಂದು ಸನ್ನೆ ಮಾಡಿದರು. ಅವನಿಗೆ ಹೇಳಿದ್ದು ಒಂದೇ ಮಾತು, "ತಪ್ಪಾಯ್ತು ಲಾರೆನ್ಸ್."

ಆ ದಿನ ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆಯ ಬುಟ್ಟಿಯ ಮುಂದೆ ನಿಂತು, "ನೀವೇ ಆರಿಸಿ ಮಾಸ್ಟ್ರೇ" ಎಂದರು. ನಾನು ಆರಿಸಿದ ಮೀನನ್ನು ನನ್ನ ಹೆಂಡತಿ ಬೆಕ್ಕಿಗೆ ಹಾಕಿದಳು. ಅಂದಿನಿಂದ ಬಾಯಮ್ಮ ಯಾರಿಗೂ ಏನೂ ಹೇಳುವುದನ್ನು ಬಿಟ್ಟರು. ಹುಡುಗಿಯೊಬ್ಬಳು ನರ್ಸಿಂಗಿಗೆ ಸೇರಬೇಕೋ ಬೇಡವೋ ಎಂದು ಕೇಳಲು ಬಂದರೆ, "ನನಗೆ ಗೊತ್ತಿಲ್ಲ ಮಗಾ" ಎಂದು ಕಳಿಸಿದರು. ಇಡೀ ಆಯುಷ್ಯ ನರ್ಸಾಗಿದ್ದ ಹೆಂಗಸು ನರ್ಸಿಂಗ್ ಬಗ್ಗೆ ಗೊತ್ತಿಲ್ಲ ಎನ್ನಬೇಕಾಯಿತು. ಜಗಲಿಗೆ ಬರುವವರೂ ನಿಂತರು. ನನ್ನ ಸಿಟ್ಟು ಇದಕ್ಕೆ. ಸಮುದ್ರದ ಆಚೆ ಕೂತು ಲೆಕ್ಕ ನೋಡಿ ಬಾಗಿಲು ಹಾಕಿದವರಿಗೆ ಜೂಲಿಯಾನ ಎಂಬ ಒಬ್ಬರು ಇದ್ದಾರೆಂದೇ ಗೊತ್ತಿಲ್ಲ. ಅವರು ಮಾಡಿದ ತಪ್ಪಿಗೆ ಮಣ್ಣಗುಡ್ಡದ ಬಾಯಮ್ಮ ಇಗರ್ಜಿಯ ಅಂಗಳದಲ್ಲಿ ತಲೆತಗ್ಗಿಸಿ ನಿಲ್ಲಬೇಕಾಯಿತು. ಆ ಕೋಟಿನವನು ಎದುರು ಸಿಕ್ಕಿದ್ದರೆ ನಾನು ಕನ್ನಡದಲ್ಲೇ ಬೈಯುತ್ತಿದ್ದೆ, ವ್ಯಾಕರಣ ನೋಡದೆ.

ಇನ್ನೊಂದು ಸಂಗತಿ ಉಂಟು. ಬಾಯಮ್ಮನ ಕಾರು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಅವರ ಮಾತು ಕೇಳಿ ಕೊಂಡವರ ಕಾರುಗಳು ಒಂದೊಂದಾಗಿ ಮೂಲೆ ಸೇರತೊಡಗಿದವು. ಬಾಯಮ್ಮ ಮೆಕ್ಯಾನಿಕ್ಕನ್ನು ಮನೆಗೆ ಕರೆಸಿ, ತಮ್ಮ ಕಾರಿನ ಹೆಡ್‌ಲೈಟು ಬಿಚ್ಚಿಸಿ ಒಬ್ಬರಿಗೆ ಕೊಟ್ಟರು. ರೇಡಿಯೇಟರ್ ಇನ್ನೊಬ್ಬರಿಗೆ. ಅಷ್ಟರಲ್ಲಿ ಹಂಪನಕಟ್ಟೆಯಲ್ಲಿ ಒಂದು ಬಸ್ಸು ಉಜ್ಜಿ ಲಾರೆನ್ಸನ ಕಾರಿನ ಹಿಂದಿನ ಎಡಬಾಗಿಲು ಮುದ್ದೆಯಾಯಿತು. ಮಂಗಳೂರಿನಿಂದ ಬೆಂಗಳೂರಿನವರೆಗೆ ಹುಡುಕಿದರೂ ಬಾಗಿಲು ಸಿಗಲಿಲ್ಲ. ಬಾಯಮ್ಮ ತಮ್ಮ ಬಾಗಿಲು ಕಳಿಸಿದರು. ನಾನು ರಸ್ತೆ ದಾಟಿ ಹೋಗಿ ಜಗಳ ಮಾಡಿದೆ. "ಅವನಿಗಾ? ಅಷ್ಟು ಜನರ ಎದುರು ಮಾನ ತೆಗೆದವನಿಗೆ? ನಿಮಗೆ ತಲೆ ಸರಿ ಉಂಟಾ?"

ಬಾಯಮ್ಮ ಜಗಲಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. "ಕಂಪೆನಿ ಬಿಟ್ಟು ಹೋಯ್ತು ಮಾಸ್ಟ್ರೇ. ನಾನೂ ಬಿಟ್ಟು ಹೋದರೆ ಅವರಿಗೂ ನನಗೂ ಎಂತ ವ್ಯತ್ಯಾಸ?" ಎಂದರು. ನನಗೆ ಇನ್ನೂ ಸಿಟ್ಟು ಬಂತು. ಕೊನೆಗೆ ಅವರ ಪೋರ್ಟಿಕೋದಲ್ಲಿ ಉಳಿದದ್ದು ಒಂದು ತಗಡಿನ ಗೂಡು. ಗುಜರಿಯವನು ಅದನ್ನು ಎಳೆದುಕೊಂಡು ಹೋಗುವಾಗ ಅವರು ಒಳಗೇ ಇದ್ದರು. ಆಮೇಲೆ ನಾವಿಬ್ಬರೂ ಸಿಟಿಬಸ್ಸಿನವರಾದೆವು.

ಮೊನ್ನೆ ಹಂಪನಕಟ್ಟೆಯ ಬಸ್‌ಸ್ಟಾಪಿನಲ್ಲಿ ನಿಂತಿದ್ದೆವು. ಉರಿಬಿಸಿಲು, ಬಂದ ಬಸ್ಸುಗಳೆಲ್ಲ ತುಂಬಿದ್ದವು, ಬಾಯಮ್ಮನಿಗೆ ಮೊಣಕಾಲು ನೋವು. ಒಂದು ಬಿಳಿ ಕಾರು ಬಂದು ನಿಂತಿತು. ಬಿಳಿ ಕಾರಿಗೆ ಹಿಂದೆ ಒಂದು ಕೆಂಪು ಬಾಗಿಲು. ಬಣ್ಣ ಬಳಿಸುವಷ್ಟು ಮರ್ಯಾದೆಯೂ ಇಲ್ಲದ ಲಾರೆನ್ಸ್ ಕುತ್ತಿಗೆ ಹೊರಗೆ ಹಾಕಿ, "ಆಂಟಿ, ಬನ್ನಿ, ಮನೆಗೆ ಬಿಡ್ತೇನೆ" ಎಂದ. ಮುಂದಿನ ಸೀಟಿನ ತುಂಬ ಅವನ ಅಂಗಡಿಯ ಪೆಟ್ಟಿಗೆಗಳು. ನಾನು ಮುಖ ತಿರುಗಿಸಿ, ಬಸ್ಸು ಬರುತ್ತದೆ ಎಂದೆ.

ಬಾಯಮ್ಮ ಆ ಕೆಂಪು ಬಾಗಿಲನ್ನು ತೆಗೆದರು, ಒಳಗೆ ಸರಿದು ಕೂತರು. "ಬಾಗಿಲು ನನ್ನದೇ ಅಲ್ವಾ ಮಾಸ್ಟ್ರೇ, ಹತ್ತಿ."

ಹತ್ತಿದೆ. ನಮ್ಮ ಬೀದಿಯ ಏರಿನಲ್ಲಿ ಕಾರು ಉಬ್ಬಸ ಹಿಡಿದು ನಿಲ್ಲುವ ಹಾಗಾಯಿತು. ಅವನು ಏನೇನೋ ತಿಣುಕುತ್ತಿದ್ದ. ಕಿಟಕಿಯಾಚೆ ನೋಡುತ್ತಿದ್ದ ಬಾಯಮ್ಮನ ಗಂಟಲಿನಿಂದ, ಎಷ್ಟೋ ಕಾಲದಿಂದ ನಾನು ಕೇಳದಿದ್ದ ಆ ಗಡಸು ದನಿ ಬಂತು.

"ಸೆಕೆಂಡಿಗೆ ಹಾಕು. ಹೆದರಬೇಡ, ಹತ್ತುತ್ತದೆ."

ಲಾರೆನ್ಸ್ ಕನ್ನಡಿಯಲ್ಲಿ ಅವರ ಮುಖ ನೋಡಿದ. ಆಮೇಲೆ, "ಆಯ್ತು ಆಂಟಿ" ಎಂದು ಸೆಕೆಂಡಿಗೆ ಹಾಕಿದ.