ಲ್ಯಾಪ್‌ಟಾಪ್ ಪರೀಕ್ಷಿಸುವ ಟೈಪಿಸ್ಟಕ್ಕ

ನಮ್ಮ ಆಫೀಸಿನ ಟೈಪಿಸ್ಟಕ್ಕ ಎರಡು ವರ್ಷದಿಂದ ಪ್ರತಿ ಶನಿವಾರ ಊಟದ ಬಿಡುವಿನಲ್ಲಿ ಎದುರಿನ ಕಂಪ್ಯೂಟರ್ ಅಂಗಡಿಗೆ ನುಗ್ಗಿ, ಇದ್ದುದರಲ್ಲೇ ದುಬಾರಿ ಲ್ಯಾಪ್‌ಟಾಪನ್ನು ಕೂಸಿನಂತೆ ಎತ್ತಿ ತೂಗುತ್ತಾರೆ, ಬೆನ್ನು ಮುಟ್ಟಿ ಜ್ವರ ನೋಡುತ್ತಾರೆ, ಮುಚ್ಚಳ ತೆರೆದು ಮುಚ್ಚಿ ಕಿವಿಗೊಡುತ್ತಾರೆ. "ಈ ರೇಟಿಗೆ ಇದು ಬಟ್ಟೆನೂ ಒಗೀಬೇಕಲ್ಲಪ್ಪಾ!" "ಅಕ್ಕಾ, ಹೋದ ವಾರಾನೂ ಇದನ್ನೇ ಅಂದ್ರಿ," ಎಂದು ಅಂಗಡಿಯವನು ಹಲ್ಲು ಕಿರಿದರೆ, "ಹೋದ ವಾರಾನೂ ಒಗೀಲಿಲ್ವಲ್ಲೋ, ಸರ್ಕೋ ಆಕಡೆ," ಎಂದು ಕುರ್ಚಿ ಎಳೆದುಕೊಂಡು ಟೈಪ್ ಮಾಡಲು ಕೂರುತ್ತಾರೆ. ಹಿಂದೆ ನಾವು ನೌಕರರು ಮುಷ್ಕರ ಹೂಡಿದಾಗ ನಮ್ಮ ಕರಪತ್ರಗಳನ್ನೆಲ್ಲ ಹೊಡೆದುಕೊಟ್ಟ ಬೆರಳುಗಳು ಸುಮ್ಮನಿರುತ್ತವೆಯೇ? ಸಾಸಿವೆ ಸಿಡಿದಂತೆ ಚಟಪಟ ಪುಟ ತುಂಬುತ್ತದೆ, ಗಿರಾಕಿಗಳು ವ್ಯಾಪಾರ ಮರೆತು ಬಾಯಿಬಿಟ್ಟು ನಿಲ್ಲುತ್ತಾರೆ. ಅಕ್ಕ ಎಲ್ಲವನ್ನೂ ಅಳಿಸಿ, "ಊಹೂಂ, ಅಷ್ಟು ಬಾಳಲ್ಲ," ಎಂದು ಎದ್ದುಬಿಡುತ್ತಾರೆ. ಇದೊಂದು ಹುಚ್ಚು ಎಂದು ನಾನೂ ನಗುತ್ತಿದ್ದೆ, ಮೊನ್ನೆ ಅವರ ಹೆಗಲ ಮೇಲಿಂದ ಇಣುಕಿ ಓದುವ ತನಕ. ಪರದೆಯ ಮೇಲೆ ಹೀಗಿತ್ತು: "ಸಾಹೇಬರೇ, ಇಪ್ಪತ್ತಾರು ವರ್ಷ ನಿಮ್ಮ ತಪ್ಪು ತಿದ್ದಿ ಟೈಪ್ ಮಾಡಿದ್ದು ಸಾಕು. ಸ್ವಂತ ಟೈಪಿಂಗ್ ಅಂಗಡಿ ಇಡುತ್ತೇನೆ. ಇದು ನನ್ನ ರಾಜೀನಾಮೆ." "ವಾರವಾರವೂ ಇದನ್ನೇನಾ ಅಕ್ಕಾ ಹೊಡೀತಿದ್ದಿದ್ದು?" ಎಂದೆ. "ಮತ್ತೆ? ಇಷ್ಟು ದುಡ್ಡು ಸುರಿದು ಆಮೇಲೆ ಹೆದರಿಕೊಂಡು ಆಫೀಸಲ್ಲೇ ಉಳಿದ್ರೆ, ಇದು ಸೀರಿಯಲ್ ನೋಡೋ ಡಬ್ಬ ಆಗುತ್ತೆ ಅಷ್ಟೇ. ಧೈರ್ಯ ಬಂತೋ ಇಲ್ವೋ ಅಂತ ನೋಡ್ಕೋತಿದ್ದೆ." ಅಳಿಸುವ ಕೀ ಮೇಲೆ ಬೆರಳಿಟ್ಟರು. ಆಮೇಲೆ ಬೆರಳು ತೆಗೆದು ಅಂಗಡಿಯವನತ್ತ ತಿರುಗಿದರು: "ಲೋ ತಮ್ಮಾ, ಮೊದಲು ಇದನ್ನ ಪ್ರಿಂಟ್ ಹಾಕು. ಆಮೇಲೆ ಇಂಥದ್ದೇ ಹೊಸದೊಂದು ಪ್ಯಾಕ್ ಮಾಡು."